ಡಬ್ಬಿ ಒಂದು, ನಕ್ಷೆ ಎರಡು: ಕಾರಿನ ಜಿಪಿಎಸ್ ದೋಣಿ ಹತ್ತಿದಾಗ

2024ರ ಡಿಸೆಂಬರ್‌ನಲ್ಲಿ ಹುಬ್ಬಳ್ಳಿಯಿಂದ ಕಾರವಾರಕ್ಕೆ ಹೊರಟಿದ್ದೆವು. ಕಾರು ಹತ್ತುವ ಹೊತ್ತಿಗೆ ಕಾಕಾ ಒಳಗಿನಿಂದ ಒಂದು ಕರೀ ಡಬ್ಬಿ ತಂದು ಕೈಗಿಟ್ಟರು. ಅರ್ಧ ಇಟ್ಟಿಗೆಯಷ್ಟು ದಪ್ಪ, ತಲೆಯ ಮೇಲೆ ಗೂಟದಂಥ ಆಂಟೆನಾ, ಪರದೆಯ ಪಕ್ಕಕ್ಕೆ ರಬ್ಬರಿನ ಗುಂಡಿಗಳು. "ಯಲ್ಲಾಪುರ ದಾಟಿದ ಮ್ಯಾಲೆ ನಿನ್ನ ಮೊಬೈಲ್ ಕೈ ಕೊಡತೈತಿ. ಇದನ್ನ ಹಚ್ಕೋ. ಕಾರಿಗೂ ನಡೀತೈತಿ, ದೋಣಿಗೂ ನಡೀತೈತಿ" ಅಂದರು. ಗಲ್ಫ್‌ನಲ್ಲಿ ಕೆಲಸಕ್ಕಿದ್ದಾಗ ರಜೆ ದಿನ ಗೆಳೆಯರ ಜೊತೆ ಮೀನು ಹಿಡಿಯಲು ಹೋಗುತ್ತಿದ್ದ ಕಾಲದಲ್ಲಿ ಕೊಂಡದ್ದಂತೆ. ಊರಿಗೆ ಮರಳುವಾಗ ಭಾರತದ ರಸ್ತೆ ನಕ್ಷೆ, ಪಡುವಣ ಕರಾವಳಿಯ ಕಡಲ ನಕ್ಷೆ ಎರಡನ್ನೂ ತುಂಬಿಸಿಕೊಂಡು ಬಂದಿದ್ದರು.

ಕಲಘಟಗಿ ಬರುವಷ್ಟರಲ್ಲಿ ಡಬ್ಬಿ ಉಪಗ್ರಹಗಳನ್ನು ಹಿಡಿಯಿತು. ನಾವಿರುವ ಜಾಗ ಸರಿಯಾಗಿಯೇ ತೋರಿಸಿತು. ತಾರೀಖು ಮಾತ್ರ 2005ರ ಮೇ ತಿಂಗಳು!

ಎಲ್ಲರೂ ನಕ್ಕೆವು. ಸಂಜೆ ಕಾಳಿ ನದಿಯ ಅಳಿವೆಯಲ್ಲಿ ದೋಣಿಯೊಳಗೆ ಕೂತಾಗ ಆ ನಗು ಉಳಿಯಲಿಲ್ಲ. ಡಬ್ಬಿಯ ಲೆಕ್ಕದಲ್ಲಿ ಸೂರ್ಯ ಮುಳುಗಲು ಇನ್ನೂ ಒಂದು ತಾಸಿತ್ತು. ದೋಣಿ ನಡೆಸುವವರು ಪಡುವಣಕ್ಕೆ ಒಮ್ಮೆ ನೋಡಿ, "ಇಲ್ಲ ಸರ್, ಈಗ ಕತ್ತಲಾಗ್ತದೆ, ವಾಪಸ್ ಹೋಗುವ" ಅಂದರು. ಹತ್ತು ನಿಮಿಷದಲ್ಲಿ ಸೂರ್ಯ ನೀರಿಗಿಳಿದ.

ಡಬ್ಬಿ ಕೆಟ್ಟಿರಲಿಲ್ಲ. ಜಿಪಿಎಸ್ ಉಪಗ್ರಹಗಳು ತಾರೀಖನ್ನು ಹೇಳುವುದು ವಾರಗಳ ಎಣಿಕೆಯಲ್ಲಿ. 1980ರ ಜನವರಿ 6ಕ್ಕೆ ಶುರುವಾದ ಈ ಎಣಿಕೆಗೆ ಹಳೆಯ ಸಂಕೇತದಲ್ಲಿ 1024 ವಾರಗಳಷ್ಟೇ ಜಾಗ. ಅದು ತುಂಬಿದ ಕೂಡಲೇ ಮತ್ತೆ ಸೊನ್ನೆ. ಹೀಗೆ ಒಮ್ಮೆ 1999ರ ಆಗಸ್ಟ್‌ನಲ್ಲಿ ತಿರುಗಿತು, ಇನ್ನೊಮ್ಮೆ 2019ರ ಏಪ್ರಿಲ್‌ನಲ್ಲಿ. ಒಳಗಿನ ಸಾಫ್ಟ್‌ವೇರ್ ಹೊಸದು ಮಾಡಿಸಿಕೊಳ್ಳದ ಹಳೆಯ ಸಾಧನಗಳಲ್ಲಿ ಕೆಲವು ಹತ್ತೊಂಬತ್ತೂವರೆ ವರ್ಷ ಹಿಂದಕ್ಕೆ ಹೋಗಿ ಕೂತವು. ಜಾಗ ಕಂಡುಹಿಡಿಯಲು ಯಾವ ವರ್ಷ ಅನ್ನುವುದು ಬೇಕಿಲ್ಲ, ಸಂಕೇತ ಬಂದು ಮುಟ್ಟುವ ಕ್ಷಣದ ಲೆಕ್ಕ ಸಾಕು. ಹಾಗಾಗಿ ಜಾಗ ಸರಿ, ದಿನ ತಪ್ಪು. ಕಾರಿನವನಿಗೆ ಇದರಿಂದ ನಷ್ಟವೇನೂ ಇಲ್ಲ. ದೋಣಿಯವನಿಗೆ ಇದೆ. ಸೂರ್ಯಾಸ್ತದಂತೆಯೇ ಉಬ್ಬರ-ಇಳಿತದ ಪಟ್ಟಿಯೂ ತಾರೀಖಿನ ಮೇಲೆಯೇ ನಿಂತಿದೆ. ಉಬ್ಬರ ಅಂದುಕೊಂಡು ಇಳಿತದಲ್ಲಿ ಅಳಿವೆ ದಾಟಲು ಹೊರಟರೆ ದೋಣಿ ಮರಳಿನ ಮೇಲೆ ಕೂರುತ್ತದೆ.

"ಎಲ್ಲಿದ್ದೇನೆ" ಅನ್ನುವುದು, ಜೊತೆಗೆ ದಿನ-ಹೊತ್ತು, ಇಷ್ಟನ್ನೇ ಈ ಸಾಧನಗಳು ಉಪಗ್ರಹದಿಂದ ತಿಳಿಯುತ್ತವೆ. ಮುಂದೆ ಏನಿದೆ, ರಸ್ತೆಯೋ ನೀರೋ, ಎಷ್ಟು ಆಳ, ಸೇತುವೆ ನಿಂತಿದೆಯೋ ಬಿದ್ದಿದೆಯೋ, ಇದೆಲ್ಲ ಯಾರೋ ಎಂದೋ ತುಂಬಿಟ್ಟ ನಕ್ಷೆಯಿಂದ ಬರುವ ಮಾತು. ನಮ್ಮ ಕಡೆ ಚರ್ಚೆ ಮಾತ್ರ ಯಾವಾಗಲೂ ಜಿಪಿಎಸ್ ಚೊಲೋನೋ ಕೆಟ್ಟದ್ದೋ ಅನ್ನುವುದರ ಸುತ್ತಲೇ ನಡೆಯುತ್ತದೆ. ನನಗೆ ಕಂಡಂತೆ ಉಪಗ್ರಹಕ್ಕೆ ಬರವಿಲ್ಲ. ಬರವಿರುವುದು ನಕ್ಷೆಗೆ, ಅದರಲ್ಲೂ ನೀರಿನ ನಕ್ಷೆಗೆ.

ಕಾರು-ದೋಣಿ ಎರಡಕ್ಕೂ ಆಗುವ ಡಬ್ಬಿಗಳು ಬಂದದ್ದು 2000ದ ನಂತರದ ವರ್ಷಗಳಲ್ಲಿ. ಅದಕ್ಕೊಂದು ಕಾರಣವಿತ್ತು. 2000ದ ಮೇ ಆರಂಭದಲ್ಲಿ ಅಮೆರಿಕ ನಾಗರಿಕ ಬಳಕೆಯ ಸಂಕೇತಕ್ಕೆ ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು ನಿಲ್ಲಿಸಿತು. ಅಲ್ಲಿವರೆಗೆ ನೂರು ಮೀಟರ್ ಆಚೀಚೆ ತೋರಿಸುತ್ತಿದ್ದದ್ದು ಹತ್ತಿಪ್ಪತ್ತು ಮೀಟರಿಗೆ ಇಳಿಯಿತು. ನೂರು ಮೀಟರ್ ತಪ್ಪಿದ್ದರೂ ನಡುಗಡಲಿನ ದೋಣಿಗೆ ನಡೆಯುತ್ತಿತ್ತು, ದುರ್ಗದಬೈಲಿನ ಓಣಿಯೊಳಗಿನ ಕಾರಿಗೆ ನಡೆಯುತ್ತಿರಲಿಲ್ಲ. ತಪ್ಪು ಕಡಿಮೆಯಾದದ್ದೇ ದೋಣಿಯ ಸಾಧನ ಕಾರಿಗೂ ಹತ್ತಿತು. ಗಾರ್ಮಿನ್‌ನ ಜಿಪಿಎಸ್‌ಮ್ಯಾಪ್ 276ಸಿ, ಲೋರೆನ್ಸ್‌ನ ಐವೇ ಸರಣಿ ಈ ಜಾತಿಯವು. ಸ್ಮಾರ್ಟ್‌ಫೋನ್ ಬಂದು ಕಾರಿನ ಪೇಟೆಯನ್ನು ನುಂಗಿದ ಮೇಲೂ ಗಾರ್ಮಿನ್ 2016ರಲ್ಲಿ ಅದೇ ಹಳೆಯ ಆಕಾರದ 276ಸಿಎಕ್ಸ್ ತಂದಿತು. ಒದ್ದೆ ಕೈಯಲ್ಲಿ ಗುಂಡಿ ಒತ್ತಬಹುದು, ಬಿಸಿಲಿನಲ್ಲಿ ಪರದೆ ಕಾಣುತ್ತದೆ, ಬ್ಯಾಟರಿ ದಿನವಿಡೀ ಬರುತ್ತದೆ ಅನ್ನುವವರು ಇನ್ನೂ ಇದ್ದರು. ಮೊಬೈಲಿನ ಪರದೆ ಮಳೆ ಹನಿಯನ್ನೂ ಬೆರಳೆಂದು ತಿಳಿಯುತ್ತದೆ. ಅಂಕೋಲಾದ ಆಚೆ ಮಳೆಗಾಲದಲ್ಲಿ ಬೈಕ್ ಓಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಡಬ್ಬಿಯಲ್ಲಿ ಕಾರಿನ ಬಗೆ, ದೋಣಿಯ ಬಗೆ ಅಂತ ಎರಡು ಮೋಡ್ ಇರುತ್ತವೆ. ಒಂದರಿಂದ ಇನ್ನೊಂದಕ್ಕೆ ಬದಲಿಸಿದರೆ ಬಣ್ಣ, ಗುರುತುಗಳಷ್ಟೇ ಬದಲಾಗುವುದಿಲ್ಲ, ಸಾಧನದ ಸ್ವಭಾವವೇ ಬದಲಾಗುತ್ತದೆ.

ಕಾರಿನ ಬಗೆಯಲ್ಲಿ ಅದು ಸ್ವಲ್ಪ ಸುಳ್ಳು ಹೇಳುತ್ತದೆ. ಉಪಗ್ರಹದ ಲೆಕ್ಕ ನಿಮ್ಮನ್ನು ರಸ್ತೆಯಿಂದ ಎಂಟು ಮೀಟರ್ ಆಚೆ, ಯಾರದೋ ಹಿತ್ತಲಲ್ಲಿ ಇಟ್ಟರೂ, ಕಾರು ಹಿತ್ತಲಲ್ಲಿ ಓಡಲಾರದು ಅಂತ ತಾನೇ ತೀರ್ಮಾನಿಸಿ ಹತ್ತಿರದ ರಸ್ತೆಗೆ ತಂದು ಅಂಟಿಸುತ್ತದೆ. ಮೊಬೈಲ್ ಮಾಡುವುದೂ ಇದನ್ನೇ. ನೂರಕ್ಕೆ ತೊಂಬತ್ತು ಸಲ ಈ ಊಹೆ ಸರಿ ಇರುತ್ತದೆ, ಆದ್ದರಿಂದ ನಮಗೆ ಅನುಮಾನವೇ ಬರುವುದಿಲ್ಲ. ಅನುಮಾನ ಬರಬೇಕೆಂದರೆ ಹುಬ್ಬಳ್ಳಿಯ ಉಣಕಲ್‌ನಿಂದ ನವನಗರದ ಕಡೆ ಬಿಆರ್‌ಟಿಎಸ್ (ತ್ವರಿತ ಬಸ್ ಸಾರಿಗೆ) ರಸ್ತೆಯಲ್ಲಿ ಹೋಗಿ ನೋಡಿ. ನಡುವೆ ಚಿಗರಿ ಬಸ್ಸಿನ ಪಥ, ಪಕ್ಕದಲ್ಲಿ ಕಂಬಿ, ಆಚೆ ನಮ್ಮ ಪಥ. ಒಂದು ಪಥದ ಅಗಲ ಮೂರೂವರೆ ಮೀಟರ್. ಸಾಮಾನ್ಯ ಮೊಬೈಲಿನ ತಪ್ಪು ತೆರೆದ ಬಯಲಿನಲ್ಲೇ ಅದಕ್ಕಿಂತ ಹೆಚ್ಚು. ನೀವು ಯಾವ ಪಥದಲ್ಲಿದ್ದೀರಿ ಅಂತ ಅದಕ್ಕೆ ತಿಳಿಯಲು ದಾರಿಯೇ ಇಲ್ಲ, ಆದರೂ "ಬಲಕ್ಕೆ ತಿರುಗಿ" ಅಂತ ಧೈರ್ಯವಾಗಿ ಹೇಳುತ್ತದೆ. ಬಲಕ್ಕೆ ಕಂಬಿ. ಮೇಲ್ಸೇತುವೆಯ ಕೆಳಗೂ ಇದೇ ಕಥೆ. ಎತ್ತರದ ಲೆಕ್ಕದಲ್ಲಿ ಜಿಪಿಎಸ್ ಇನ್ನೂ ದುರ್ಬಲ. ಮೇಲಿನ ರಸ್ತೆಯೋ ಕೆಳಗಿನದೋ ಅನ್ನುವುದನ್ನು ಅದು ಬಹುಮಟ್ಟಿಗೆ ಊಹಿಸುತ್ತದೆ.

ದೋಣಿಯ ಬಗೆಯಲ್ಲಿ ಈ ಅಂಟಿಸುವ ಆಟ ಇಲ್ಲ. ನೀರಿನಲ್ಲಿ ರಸ್ತೆಯಿಲ್ಲವಲ್ಲ. ಇಲ್ಲಿಂದ ಅಲ್ಲಿಗೆ ಒಂದು ನೇರ ಗೆರೆ ಎಳೆದು, ಗೆರೆಯಿಂದ ನೀವೆಷ್ಟು ಸರಿದಿದ್ದೀರಿ, ಯಾವ ದಿಕ್ಕಿಗೆ ಹೊರಟಿದ್ದೀರಿ ಅಂತಷ್ಟೇ ಹೇಳುತ್ತದೆ. ಗೆರೆ ಬಂಡೆಯ ಮೇಲೆ ಹಾದುಹೋದರೆ ನೋಡಿಕೊಳ್ಳುವುದು ನಿಮ್ಮ ಕೆಲಸ. ಕಾರಿನ ಬಗೆ ತನ್ನ ಅನುಮಾನವನ್ನು ಮುಚ್ಚಿಡುತ್ತದೆ, ದೋಣಿಯ ಬಗೆ ಅದನ್ನು ನಿಮ್ಮ ಮುಂದೆಯೇ ಇಡುತ್ತದೆ. ರಸ್ತೆಯ ಮೇಲೂ ನಾವು ದೋಣಿಯವರಂತೆ ಅನುಮಾನದಿಂದಲೇ ಡಬ್ಬಿಯನ್ನು ನೋಡಬೇಕು ಅನ್ನುವುದು ನನ್ನ ವಾದ. ಕಡಲ ಮೇಲೆ ಹುಟ್ಟಿದ ಸಾಧನವನ್ನು ನಾವು ಮನೆಗೆ ತಂದುಕೊಂಡೆವು, ಆ ಅನುಮಾನವನ್ನು ಕಡಲಲ್ಲೇ ಬಿಟ್ಟು ಬಂದೆವು.

ಹಾಗಂತ ಕಡಲಿನವರು ಎಡವಿಲ್ಲ ಅಂತಲ್ಲ. 1995ರ ಜೂನ್ 10ರಂದು ರಾಯಲ್ ಮೆಜೆಸ್ಟಿ ಅನ್ನುವ ಪ್ರವಾಸಿ ಹಡಗು ಬರ್ಮುಡಾದಿಂದ ಬಾಸ್ಟನ್‌ಗೆ ಹೋಗುತ್ತ ನಾಂಟಕೆಟ್ ದ್ವೀಪದ ಬಳಿ ಮರಳ ದಿಬ್ಬಕ್ಕೆ ಏರಿತು. ಹೊರಟ ಸ್ವಲ್ಪ ಹೊತ್ತಿಗೇ ಜಿಪಿಎಸ್ ಆಂಟೆನಾದ ವಯರ್ ಬಿಚ್ಚಿಕೊಂಡಿತ್ತು. ಸಾಧನ ಸುಮ್ಮನಾಗಲಿಲ್ಲ. ಹಡಗಿನ ದಿಕ್ಸೂಚಿ, ವೇಗಮಾಪಕಗಳ ಅಂಕೆ ಹಿಡಿದು ಅಂದಾಜಿನ ಜಾಗ ತೋರಿಸುತ್ತಲೇ ಹೋಯಿತು. ಅಂದಾಜು ಅನ್ನುವುದಕ್ಕೆ ಪರದೆಯ ಮೇಲೆ ಇದ್ದದ್ದು ಎರಡು ಚಿಕ್ಕ ಗುರುತು. ಮೂವತ್ತನಾಲ್ಕು ತಾಸು ಯಾರೂ ಅದನ್ನು ಗಮನಿಸಲಿಲ್ಲ. ಹಡಗು ಹದಿನೇಳು ಮೈಲಿ ದಾರಿ ತಪ್ಪಿತ್ತು. ಒಂದೂವರೆ ಸಾವಿರ ಜನರಲ್ಲಿ ಯಾರಿಗೂ ಪೆಟ್ಟಾಗಲಿಲ್ಲ ಅನ್ನುವುದೇ ಪುಣ್ಯ.

ಅಲ್ಲಿ ನಕ್ಷೆ ಸರಿ ಇತ್ತು, ಜಾಗ ತಪ್ಪಿತ್ತು. ನಮ್ಮ ದೇಶದ ರಸ್ತೆಗಳಲ್ಲಿ ನಡೆಯುವುದು ಇದರ ಉಲ್ಟಾ. 2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿ ಬಳಿ ಮೊಬೈಲ್ ನಕ್ಷೆ ನಂಬಿ ಹೊರಟ ಕಾರು ರಾಮಗಂಗಾ ನದಿಗೆ ಬಿದ್ದು ಮೂವರು ಸತ್ತರು. ನೆರೆಗೆ ಸೇತುವೆಯ ಒಂದು ಭಾಗ ಕೊಚ್ಚಿ ಹೋಗಿತ್ತು, ನಕ್ಷೆಯಲ್ಲಿ ಅದು ಇನ್ನೂ ಇತ್ತು. ಅದರ ಹಿಂದಿನ ವರ್ಷ ಅಕ್ಟೋಬರ್‌ನಲ್ಲಿ ಕೇರಳದಲ್ಲಿ ಇಬ್ಬರು ವೈದ್ಯರು ಮಳೆಯ ರಾತ್ರಿ ಹೀಗೇ ನದಿಯ ಪಾಲಾದರು. ನಮ್ಮ ನೆರೆಯಲ್ಲೇ, ನಾನು ಕಾರವಾರಕ್ಕೆ ಹೋದ ಅದೇ ಡಿಸೆಂಬರ್‌ನಲ್ಲಿ, ಗೋವಾಕ್ಕೆ ಹೊರಟ ಕುಟುಂಬವೊಂದು ಖಾನಾಪುರದ ಭೀಮಗಡ ಕಾಡಿನೊಳಗೆ ಹೊಕ್ಕು ಕಾರಿನಲ್ಲೇ ರಾತ್ರಿ ಕಳೆಯಿತು. ಇವುಗಳಲ್ಲಿ ಉಪಗ್ರಹದ ತಪ್ಪು ಒಂದರಲ್ಲೂ ಇಲ್ಲ. ಕಾರು ಇರುವ ಜಾಗ ಸರಿಯಾಗಿಯೇ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಮುಂದಿನ ನೆಲ.

ಎರಡೂ ನಕ್ಷೆ ಒಟ್ಟಿಗೇ ಸುಳ್ಳಾದ ಜಾಗವನ್ನೂ ಅವತ್ತು ಕಂಡೆ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರ-ಸದಾಶಿವಗಡದ ನಡುವಿನ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಒಂದು ಲಾರಿ ನೀರಿಗೆ ಬಿತ್ತು, ಚಾಲಕನನ್ನು ಬದುಕಿಸಿ ತಂದರು. ನಾಲ್ಕು ತಿಂಗಳ ಮೇಲೆ ನಮ್ಮ ದೋಣಿ ಆ ಕಡೆ ಸಾಗುವಾಗ ಡಬ್ಬಿಯನ್ನು ಕಾರಿನ ಬಗೆಗೆ ತಿರುಗಿಸಿದೆ. ಬಿದ್ದ ಸೇತುವೆಯ ಮೇಲೆ ಹೆದ್ದಾರಿ ಗಟ್ಟಿಯಾಗಿ ನಿಂತಿತ್ತು. ಪಕ್ಕದ ಹೊಸ ಸೇತುವೆ ಅದರ ಪಾಲಿಗೆ ಹುಟ್ಟಿಯೇ ಇರಲಿಲ್ಲ. ಮತ್ತೆ ದೋಣಿಯ ಬಗೆಗೆ ತಂದೆ. ಸೇತುವೆಯ ಗೆರೆ, ಅಡಿಯಲ್ಲಿ ಸರಾಗ ನೀರು. ಕಾಂಕ್ರೀಟು ನದಿಗೆ ಬಿದ್ದ ಸುದ್ದಿ ಅದಕ್ಕೆ ಮುಟ್ಟಿರಲಿಲ್ಲ. ದೋಣಿಯವರು ಏನನ್ನೂ ನೋಡದೆ ದೂರದಿಂದ ಸುತ್ತು ಹಾಕಿಕೊಂಡು ಹೋದರು.

ಕಡಲ ನಕ್ಷೆಗಾದರೂ ಒಬ್ಬ ಯಜಮಾನನಿದ್ದಾನೆ. ಡೆಹ್ರಾಡೂನ್‌ನಲ್ಲಿರುವ ರಾಷ್ಟ್ರೀಯ ಜಲಮಾಪನ ಕಚೇರಿ ಆಳ ಅಳೆದು ನಕ್ಷೆ ಹೊರಡಿಸುತ್ತದೆ, ತಿದ್ದುಪಡಿಗಳನ್ನೂ ಕೊಡುತ್ತದೆ. ಒಳನಾಡಿನ ನದಿಗೆ? 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯ 111 ಜಲಮಾರ್ಗಗಳ ಪಟ್ಟಿಯಲ್ಲಿ ಮಲಪ್ರಭೆಯೂ ಇದೆ, ತುಂಗಭದ್ರೆಯೂ ಇದೆ. ಆದರೆ ಕೈಯಲ್ಲಿ ಹಿಡಿಯುವ ಯಾವ ಸಾಧನದಲ್ಲೂ ಈ ಎರಡು ಹೊಳೆಗಳ ಆಳದ ನಕ್ಷೆಯನ್ನು ನಾನು ನೋಡಿಲ್ಲ. ಕಾಕಾನ ಡಬ್ಬಿಯಲ್ಲಿ ತುಂಗಭದ್ರೆ ಒಂದು ನೀಲಿ ದಾರ, ಅಷ್ಟೇ. ಮುಂಡರಗಿ ತಾಲ್ಲೂಕಿನ ಹಮ್ಮಿಗಿ ಬ್ಯಾರೇಜಿನ ಹಿನ್ನೀರಿಗೆ ಬಿದರಹಳ್ಳಿ, ಗುಮ್ಮಗೋಳ, ವಿಠಲಾಪುರದ ಜನ ಊರು ಬಿಟ್ಟುಕೊಟ್ಟರು. ಹಳೆಯ ನಕ್ಷೆಯಲ್ಲಿ ಆ ಊರುಗಳು ದಂಡೆಯ ಮೇಲೆ ಹಾಯಾಗಿವೆ. ಹಾವೇರಿಯ ಕಡೆ ಗಳಗನಾಥದಲ್ಲಿ ವರದೆ ಬಂದು ತುಂಗಭದ್ರೆಗೆ ಸೇರುವ ಜಾಗದಲ್ಲಿ ಬಂಡೆ ಎಲ್ಲಿದೆ, ಮರಳು ತೆಗೆದು ಗುಂಡಿ ಬಿದ್ದದ್ದೆಲ್ಲಿ ಅನ್ನುವುದು ಅಂಬಿಗರ ತಲೆಯಲ್ಲಿದೆ. ಅಲ್ಲಿಂದಾಚೆ ಎಲ್ಲೂ ಇಲ್ಲ. ಆದ್ದರಿಂದ ನಮ್ಮ ಭಾಗದವರು ಕಾರು-ದೋಣಿ ಎರಡಕ್ಕೂ ಆಗುತ್ತದೆಂದು ಇದನ್ನು ಕೊಂಡರೆ ದುಡ್ಡು ಪೂರ್ತಿ ಕೊಟ್ಟು ಸಾಮಾನು ಅರ್ಧ ತಂದಂತೆ. ಉಣಕಲ್ ಕೆರೆಯಲ್ಲಿ ಒಂದು ಸುತ್ತು ಹಾಕಲು ಯಾರಿಗೂ ನ್ಯಾವಿಗೇಟರ್ ಬೇಕಿಲ್ಲ.

ಆದರೂ ಈ ಜಾತಿಯ ಡಬ್ಬಿಗೆ ನಮ್ಮಲ್ಲಿ ಒಂದು ಕೆಲಸವಿದೆ, ಯಾವ ಕಂಪನಿಯ ಜಾಹೀರಾತಿನಲ್ಲೂ ಕಾಣದ ಕೆಲಸ. ನಮ್ಮ ಕಡೆ ರಸ್ತೆಯೇ ಹೊಳೆಯಾಗುವ ದಿನಗಳು ಬರುತ್ತವೆ.

2019ರ ಆಗಸ್ಟ್‌ನಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ನೀರು ಬಿಟ್ಟಾಗ ಮಲಪ್ರಭೆ ನರಗುಂದ, ರೋಣ ತಾಲ್ಲೂಕಿನ ಊರುಗಳಿಗೆ ನುಗ್ಗಿತು. ಕೊಣ್ಣೂರಿನಲ್ಲಿ ಹುಬ್ಬಳ್ಳಿ-ವಿಜಯಪುರ ಹೆದ್ದಾರಿಯೇ ಬಂದಾಯಿತು, ಹೊಳೆಆಲೂರು ನೀರಿನೊಳಗೆ ನಿಂತಿತು. ಇಂಥ ಊರಿಗೆ ರಕ್ಷಣೆಯ ದೋಣಿ ಬರುತ್ತದೆ. ನಡೆಸುವವರು ಹೊರಗಿನವರು, ಕೆಂಪು ನೀರಿನ ಅಡಿಯಲ್ಲಿ ಏನಿದೆ ಅಂತ ಅವರಿಗೆ ತಿಳಿಯದು. ಅಡಿಯಲ್ಲಿ ಕಾಂಪೌಂಡ್ ಗೋಡೆ ಇರುತ್ತದೆ, ಹಗೇವು ಇರುತ್ತದೆ, ಬೋರ್‌ವೆಲ್ಲಿನ ಕೇಸಿಂಗ್ ಇರುತ್ತದೆ. ತಲೆಗೆ ತಾಗುವ ಎತ್ತರದಲ್ಲಿ ಕರೆಂಟಿನ ತಂತಿ. ಆವತ್ತು ಊರಿನ ರಸ್ತೆ ನಕ್ಷೆಯೇ ಆಳದ ನಕ್ಷೆಯೂ ಹೌದು. ಏರಿಸಿ ಕಟ್ಟಿದ ರಸ್ತೆಯ ಮೇಲೆ ನೀರು ಕಡಿಮೆ, ಪಕ್ಕದ ಕರೀ ಮಣ್ಣಿನ ಹೊಲದಲ್ಲಿ ಹೆಚ್ಚು, ಹಳ್ಳದ ಮೇಲೆ ಸೆಳವು. ರಸ್ತೆ ನಕ್ಷೆಯನ್ನು ಪರದೆಯ ಮೇಲಿಟ್ಟುಕೊಂಡು ದೋಣಿಯ ಬಗೆಯಲ್ಲಿ, ಅಂದರೆ ಎಲ್ಲಿಗೂ ಅಂಟಿಸದೆ, ಇದ್ದ ಜಾಗವನ್ನು ಇದ್ದ ಹಾಗೆ ತೋರಿಸುವ ಸಾಧನ ಅಂದು ಬೇಕು. ಮೊಬೈಲ್ ಟವರ್‌ಗೆ ಕರೆಂಟ್ ಹೋದರೂ ಅದು ನಡೆಯಬೇಕು.

ಅಂಥ ದಿನ ಇನ್ನೊಂದು ತಾಪತ್ರಯವಿದೆ, ಅಂಕೆ ಹೇಳುವ ರೀತಿಯದ್ದು. ಮೊಬೈಲ್ ಹುಬ್ಬಳ್ಳಿಯ ಅಕ್ಷಾಂಶವನ್ನು 15.36 ಅನ್ನುತ್ತದೆ. ದೋಣಿಯ ಸಾಧನ ಅದನ್ನೇ 15 ಡಿಗ್ರಿ 21.6 ನಿಮಿಷ ಅನ್ನುತ್ತದೆ. ಡಿಗ್ರಿಗೆ ಅರವತ್ತು ನಿಮಿಷ, ಒಂದು ನಿಮಿಷಕ್ಕೆ ಒಂದು ನಾಟಿಕಲ್ ಮೈಲು, ಅಂದರೆ 1852 ಮೀಟರ್. ಈಗ ಫೋನಿನಲ್ಲಿ ಒಬ್ಬರು ಗಡಿಬಿಡಿಯಲ್ಲಿ "ಹದಿನೈದು, ಮೂವತ್ತಾರು" ಅಂತಾರೆ, ಇನ್ನೊಬ್ಬರು ಅದನ್ನು 15 ಡಿಗ್ರಿ 36 ನಿಮಿಷ ಅಂತ ಒತ್ತುತ್ತಾರೆ. 14.4 ನಿಮಿಷದ ವ್ಯತ್ಯಾಸ. ಬಡಗು ದಿಕ್ಕಿಗೆ ಸುಮಾರು 27 ಕಿಲೋಮೀಟರ್ ಆಚೆ, ಯಾರದೋ ಕಡಲೆ ಹೊಲದಲ್ಲಿ ಹುಬ್ಬಳ್ಳಿ ಬಂದು ಕೂರುತ್ತದೆ. ಹೆಸರು ಒತ್ತಿದರೆ ಸುರಕ್ಷಿತ ಅನ್ನುವ ಹಾಗೂ ಇಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಒಂದು ಸ್ವರ ತಪ್ಪಿದರೆ ಹುಬ್ಬಳ್ಳಿ ಹೋಗಿ ಧಾರವಾಡ ತಾಲ್ಲೂಕಿನ ಹೆಬ್ಬಳ್ಳಿ ಆಗುತ್ತದೆ.

ಅಮೆರಿಕದ ಉಪಗ್ರಹವೇಕೆ, ಜಾಗ ತಿಳಿಸುವ ನಮ್ಮದೇ ಉಪಗ್ರಹ ವ್ಯವಸ್ಥೆ ನಾವಿಕ್ ಇದೆಯಲ್ಲ ಅಂತ ಕೇಳುವವರಿದ್ದಾರೆ. ಇದೆ, ಆದರೆ ಸದ್ಯ ಏದುಸಿರು ಬಿಡುತ್ತಿದೆ. ಮೊದಲ ಉಪಗ್ರಹ ಹೋದದ್ದು 2013ರ ಜುಲೈನಲ್ಲಿ. ಆಮೇಲೆ ಒಂದೊಂದರಲ್ಲೇ ಪರಮಾಣು ಗಡಿಯಾರಗಳು ಕೆಟ್ಟವು. 2023ರಲ್ಲಿ ಸ್ವದೇಶಿ ಗಡಿಯಾರ ಹೊತ್ತ ಎನ್‌ವಿಎಸ್-01 ಚೆನ್ನಾಗಿ ನೆಲೆ ಸೇರಿತು, ಆದರೆ 2025ರ ಜನವರಿ 29ಕ್ಕೆ ಹಾರಿದ ಎನ್‌ವಿಎಸ್-02 ತನ್ನ ಕಕ್ಷೆ ಮುಟ್ಟಲಿಲ್ಲ. 2025ರ ನಡುವಿಗೆ ಸರಕಾರ ಸಂಸತ್ತಿಗೆ ಹೇಳಿದಂತೆ, ಜಾಗ ತಿಳಿಸುವ ಕೆಲಸಕ್ಕೆ ಉಳಿದವು ನಾಲ್ಕು. ಜಾಗದ ಲೆಕ್ಕಕ್ಕೆ ಕನಿಷ್ಠ ಬೇಕಿರುವುದೂ ನಾಲ್ಕೇ. ಇನ್ನು ನಾಲ್ಕು ಆಗ ಒಮ್ಮುಖವಾಗಿ ಸಂದೇಶ ಬಿತ್ತರಿಸಲು ಬಳಕೆಯಲ್ಲಿದ್ದವು, ಉದಾಹರಣೆಗೆ ಮೀನುಗಾರರಿಗೆ ಚಂಡಮಾರುತದ ಎಚ್ಚರಿಕೆ ಕೊಡಲು. ಗಡಿಯಾರ ಕೆಟ್ಟ ಉಪಗ್ರಹವೂ ಹೀಗೆ ಕೆಲಸಕ್ಕೆ ಬರುವುದು ಒಳ್ಳೆಯದೇ. ಕಾರವಾರ, ಮಲ್ಪೆಯ ದೋಣಿಗೆ ಹೋಗುವ ಎಚ್ಚರಿಕೆಯನ್ನು ಮಲಪ್ರಭೆಯ ದಂಡೆಗೂ ಕಳಿಸಬಹುದಲ್ಲ ಅಂತ ನನಗನಿಸುತ್ತದೆ.

ವಿದೇಶದಿಂದ ಇಂಥ ಸಾಧನ ತರಿಸುವವರು ಒಂದನ್ನು ನೋಡಿಕೊಳ್ಳಬೇಕು. ಸಂಕೇತವನ್ನು ಕೇಳುವುದಷ್ಟನ್ನೇ ಮಾಡುವ ನ್ಯಾವಿಗೇಟರ್ ಬೇರೆ, ಉಪಗ್ರಹಕ್ಕೆ ತಿರುಗಿ ಸಂದೇಶ ಕಳಿಸುವ ಸಾಧನ ಬೇರೆ. ಹೊರಗಿನಿಂದ ನೋಡಿದರೆ ಎರಡೂ ಅಣ್ಣತಮ್ಮಂದಿರಂತೆ ಇರುತ್ತವೆ. ಎರಡನೆಯದಕ್ಕೆ ಇಲ್ಲಿ ಪರವಾನಗಿ ಬೇಕು. ಅದಿಲ್ಲದೆ ತಂದ ವಿದೇಶಿ ಪ್ರವಾಸಿಗರನ್ನು 2024ರ ಡಿಸೆಂಬರ್‌ನಲ್ಲಿ ಗೋವಾ ವಿಮಾನ ನಿಲ್ದಾಣದಲ್ಲೇ ಹಿಡಿದರು. ಹುಬ್ಬಳ್ಳಿ-ಧಾರವಾಡದ ಎಷ್ಟೋ ಮನೆಯ ಮಕ್ಕಳು ಪರದೇಶದಿಂದ ಬಂದಿಳಿಯುವುದು ಗೋವಾದಲ್ಲೇ.

ಇನ್ನು ಯಾವ ಡಬ್ಬಿಯೂ ಮಾಡಲಾಗದ ಕೆಲಸವೂ ಇದೆ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ ಹದಿನೈದಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹಾವೇರಿ ಜಿಲ್ಲೆಯವರೂ ಇದ್ದರು. ದಡ ಕಣ್ಣೆದುರಿಗೇ ಇತ್ತು. ಅಂದು ಬೇಕಿದ್ದದ್ದು ಲೈಫ್ ಜಾಕೆಟ್, ಮತ್ತು ದೋಣಿಯಲ್ಲಿ ಸ್ವಲ್ಪ ಕಡಿಮೆ ಜನ.

ಕಾಕಾ ಡಬ್ಬಿಯನ್ನು ವಾಪಸ್ ಕೇಳಲಿಲ್ಲ. ಹೋದ ಬೇಸಿಗೆಯಲ್ಲಿ ಅದನ್ನು ಹಿಡಿದುಕೊಂಡು ಮಲಪ್ರಭೆಯ ದಂಡೆಯಲ್ಲಿರುವ ಗೆಳೆಯನ ಊರಿಗೆ ಹೋಗಿದ್ದೆ. ಇಬ್ಬರೂ ಬಿಸಿಲಲ್ಲಿ ಓಣಿ ಓಣಿ ಅಲೆದು ಹನ್ನೊಂದು ಗುರುತು ಹಾಕಿದೆವು: ಎರಡು ತೆರೆದ ಬಾವಿ, ಟ್ರಾನ್ಸ್‌ಫಾರ್ಮರ್, ಶಾಲೆಯ ಕಾಂಪೌಂಡಿನ ನಾಲ್ಕು ಮೂಲೆ, ತಂತಿ ಜೋತುಬಿದ್ದ ಮೂರು ಕಂಬ, ಹಳ್ಳದ ಸಿಡಿ (ಅಡ್ಡ ಮೋರಿ). "ಯಾವ ಮಳಿಗಾಲಕ್ಕ ಇದೆಲ್ಲಾ?" ಅಂತ ಗುಡಿ ಕಟ್ಟೆಯ ಮೇಲೆ ಕೂತ ಅಜ್ಜ ಕೇಳಿದರು. ಮನೆಗೆ ಬಂದು ಪಟ್ಟಿಯನ್ನು ಮೊಬೈಲಿಗೆ ಇಳಿಸುವಾಗ ನೋಡಿದರೆ, ಎರಡು ಕಂಬಗಳು ಊರು ಬಿಟ್ಟು ಹತ್ತಾರು ಕಿಲೋಮೀಟರ್ ಆಚೆ ಹೋಗಿ ನಿಂತಿದ್ದವು. ನಿಮಿಷವನ್ನು ದಶಮಾಂಶ ಅಂತ ಬರೆದುಕೊಂಡಿದ್ದೆ. ಮಳೆಗಾಲ ಶುರುವಾಗುವ ಮುಂಚೆ ಮತ್ತೊಮ್ಮೆ ಹೋಗಿ ಬರಬೇಕು.